ಇಪ್ಪತ್ತನಾಲ್ಕನ್ನು ಒಪ್ಪದ ನಿರ್ದೇಶಕ

ಚಲಚ್ಚಿತ್ರವನ್ನು ಒಮ್ಮೆಯಾದರೂ ನೋಡದವರು ಇಂದು ವಿರಳ. ಆದರೆ ತೆರೆಯ ಮೇಲೆ ಓಡುವ ಕುದುರೆ ನಿಜವಾಗಿ ಓಡುತ್ತಿಲ್ಲವೆಂಬುದನ್ನು ನೋಡುವ ಹೊತ್ತಿನಲ್ಲಿ ನೆನೆಯುವವರು ಇನ್ನೂ ವಿರಳ. ತೆರೆಯ ಮೇಲೆ ಬೀಳುವುವೆಲ್ಲ ನಿಶ್ಚಲವಾದ ಬಿಡಿಚಿತ್ರಗಳೇ. ಸೆಕೆಂಡಿಗೆ ೨೪ರಂತೆ ಅವು ಒಂದರ ಹಿಂದೊಂದು ಬಂದು ಹೋಗುತ್ತವೆ. ಅವುಗಳಿಂದ ಚಲನೆಯನ್ನು ಕಟ್ಟಿಕೊಳ್ಳುವುದು ನಮ್ಮ ಮಿದುಳು. ವಾಕ್ಚಿತ್ರ ಬಂದಂದಿನಿಂದ ಜಗತ್ತಿನ ಬಹುಪಾಲು ಚಲಚ್ಚಿತ್ರಗಳು ಈ ಒಂದು ಸಂಖ್ಯೆಗೆ ಕಟ್ಟುಬಿದ್ದಿವೆ.

ಈ ೨೪ ಎಲ್ಲಿಂದ ಬಂತು? ಅದು ಕಣ್ಣಿನ ಧರ್ಮವೇ, ಇಲ್ಲವೇ ಪೇಟೆಯ ಲೆಕ್ಕಾಚಾರವೇ? ಈ ಪ್ರಶ್ನೆಯನ್ನು ಬೆನ್ನುಹತ್ತಿ ತನ್ನ ಜೀವಮಾನದ ಬಹುಭಾಗವನ್ನು ಒತ್ತೆಯಿಟ್ಟ ಅಮೆರಿಕದ ನಿರ್ದೇಶಕನೊಬ್ಬನಿದ್ದನು. ಆತನೇ ಡಗ್ಲಸ್ ಟ್ರಂಬಲ್. ಚಿತ್ರಮಂದಿರಗಳಿಗಾಗಿ ಆತನು ನಿರ್ದೇಶಿಸಿದ ಪೂರ್ಣಪ್ರಮಾಣದ ಚಿತ್ರಗಳು ಎರಡೇ ಎರಡು. ಆದರೂ ಚಲಚ್ಚಿತ್ರದ ಭೌತವಿಜ್ಞಾನವನ್ನು ಅರಿಯಬೇಕೆನ್ನುವವರಿಗೆ ಆತನ ಚರಿತ್ರೆಯಷ್ಟು ಉಪಯುಕ್ತವಾದ ಪಾಠ ಮತ್ತೊಂದು ದೊರೆಯುವುದು ಕಷ್ಟ.

ನೋಡುವುದು ಕಣ್ಣೋ, ಮಿದುಳೋ?

ಟ್ರಂಬಲನ ವಿಚಾರಕ್ಕೆ ಹೋಗುವ ಮುನ್ನ ಚಲಚ್ಚಿತ್ರವನ್ನು ನಾವು ಹೇಗೆ ಕಾಣುತ್ತೇವೆಂಬುದನ್ನು ತಿಳಿದಿರಬೇಕು. ಹಳೆಯ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಒಂದು ಸುಲಭವಾದ ಉತ್ತರವಿತ್ತು: ಕಣ್ಣಿನ ಅಕ್ಷಿಪಟದ ಮೇಲೆ ಬಿದ್ದ ಬಿಂಬ ಕೊಂಚ ಹೊತ್ತು ಅಳಿಯದೆ ನಿಲ್ಲುತ್ತದೆ, ಅಷ್ಟರಲ್ಲಿ ಮುಂದಿನ ಬಿಂಬ ಬಂದು ಕೂಡಿಕೊಳ್ಳುತ್ತದೆ, ಆದ್ದರಿಂದ ಚಲನೆ ಅವಿಚ್ಛಿನ್ನವಾಗಿ ತೋರುತ್ತದೆ. ಇದು ಅರ್ಧ ಸತ್ಯ. ಬಿಂಬಗಳು ಬರಿದೇ ಉಳಿದುಕೊಳ್ಳುವಂತಿದ್ದರೆ ನಮಗೆ ಕಾಣಬೇಕಾದದ್ದು ಒಂದರ ಮೇಲೊಂದು ಬಿದ್ದ ಚಿತ್ರಗಳ ರಾಶಿ, ಓಡುವ ಕುದುರೆಯಲ್ಲ.

ಇಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಮೊದಲನೆಯದು ಬೆಳಕಿನ ಮಿಣುಕು. ದೀಪವೊಂದನ್ನು ನಿಧಾನವಾಗಿ ಆರಿಸಿ ಹೊತ್ತಿಸಿದರೆ ಮಿಣುಕು ಕಾಣುತ್ತದೆ. ವೇಗ ಹೆಚ್ಚಿದಂತೆ ಒಂದು ಹಂತದಲ್ಲಿ ಮಿಣುಕು ಮಾಯವಾಗಿ ಬೆಳಕು ಸ್ಥಿರವಾಗುತ್ತದೆ. ಸೆಕೆಂಡಿಗೆ ೨೪ ಸಲ ಮಿನುಗುವ ಬೆಳಕು ಕಣ್ಣಿಗೆ ಅಸಹ್ಯವಾದುದು. ಆದ್ದರಿಂದ ಫಿಲ್ಮಿನ ಪ್ರಕ್ಷೇಪಕ ಯಂತ್ರದಲ್ಲಿ ತಿರುಗುವ ಷಟರು ಪ್ರತಿಯೊಂದು ಬಿಡಿಚಿತ್ರದ ಬೆಳಕನ್ನೂ ಎರಡು ಸಲವೋ ಮೂರು ಸಲವೋ ತಡೆದು ಬಿಡುತ್ತಿತ್ತು. ಚಿತ್ರಗಳು ೨೪ ಆದರೂ ಮಿಣುಕುಗಳು ೪೮ ಅಥವಾ ೭೨ ಆಗುತ್ತಿದ್ದುವು. ಎರಡನೆಯದು ಚಲನೆಯ ಅನುಭವ. ಬೇರೆ ಬೇರೆ ಕಡೆಗಳಲ್ಲಿರುವ ಎರಡು ಗೆರೆಗಳನ್ನು ಸರದಿಯಂತೆ ತಕ್ಕ ಅಂತರದಲ್ಲಿ ಬೆಳಗಿದರೆ, ಒಂದೇ ಗೆರೆ ಅಲ್ಲಿಂದಿಲ್ಲಿಗೆ ಸರಿದಂತೆ ತೋರುತ್ತದೆಂದು ಮ್ಯಾಕ್ಸ್ ವರ್ಟ್‌ಹೈಮರ್ ಎಂಬ ಮನಶ್ಶಾಸ್ತ್ರಜ್ಞನು ೧೯೧೨ರಲ್ಲಿ ಪ್ರಕಟಿಸಿದನು. ಬಿಟ್ಟುಹೋದ ನಡುವಣ ಹಾದಿಯನ್ನು ತುಂಬಿಕೊಳ್ಳುವುದು ಮಿದುಳಿನ ಕಾರ್ಯ. ನೋಟುಪುಸ್ತಕದ ಹಾಳೆಗಳ ಮೂಲೆಯಲ್ಲಿ ಒಂದೊಂದು ಚುಕ್ಕಿಯನ್ನು ತುಸು ತುಸು ಸರಿಸಿ ಬರೆದು, ಹೆಬ್ಬೆರಳಿನಿಂದ ಹಾಳೆಗಳನ್ನು ಸರಸರನೆ ಬಿಟ್ಟರೆ ಇದನ್ನು ಯಾರು ಬೇಕಾದರೂ ಕಾಣಬಹುದು.

ಇಪ್ಪತ್ತನಾಲ್ಕರ ಹುಟ್ಟು

ಮೂಕಚಿತ್ರಗಳ ಕಾಲದಲ್ಲಿ ನಿಶ್ಚಿತವಾದ ವೇಗವೇ ಇರಲಿಲ್ಲ. ಛಾಯಾಗ್ರಾಹಕನು ಕೈಯಿಂದ ಹಿಡಿಕೆಯನ್ನು ತಿರುಗಿಸುತ್ತಿದ್ದನು. ಸೆಕೆಂಡಿಗೆ ಸುಮಾರು ೧೬ರಿಂದ ಹಿಡಿದು ೨೦ಕ್ಕೂ ಮಿಕ್ಕಿ ಚಿತ್ರಗಳು ದಾಖಲಾಗುತ್ತಿದ್ದುವು. ಕಣ್ಣು ಇಂಥ ಏರುಪೇರನ್ನು ಕ್ಷಮಿಸಬಲ್ಲದು, ಕಿವಿ ಕ್ಷಮಿಸದು. ೧೯೨೦ರ ದಶಕದ ಕೊನೆಯಲ್ಲಿ ಶಬ್ದವನ್ನು ಫಿಲ್ಮಿನ ಅಂಚಿನಲ್ಲಿಯೇ ಅಚ್ಚೊತ್ತುವ ಪದ್ಧತಿ ಬಂದಾಗ ಫಿಲ್ಮಿನ ವೇಗ ಖಚಿತವಾಗಬೇಕಾಯಿತು. ವೇಗ ಬದಲಾದರೆ ಗಾಯಕನ ಶ್ರುತಿಯೇ ಬದಲಾದೀತು!

ಹಾಗಾದರೆ ಎಷ್ಟು ವೇಗ? ೩೫ ಮಿಲಿಮೀಟರು ಅಗಲದ ಫಿಲ್ಮಿನಲ್ಲಿ ಅಡಿಗೆ ೧೬ ಬಿಡಿಚಿತ್ರಗಳಿರುತ್ತವೆ. ಸೆಕೆಂಡಿಗೆ ೧೬ ಚಿತ್ರಗಳೆಂದರೆ ಒಂದು ಅಡಿ ಫಿಲ್ಮು. ೨೪ ಎಂದರೆ ಒಂದೂವರೆ ಅಡಿ, ನಿಮಿಷಕ್ಕೆ ೯೦ ಅಡಿ. ಸೆಕೆಂಡಿಗೆ ೫೦೦೦ ಕಂಪನಗಳ ಸ್ವರವನ್ನು ಒಂದೂವರೆ ಅಡಿಯೊಳಗೆ ಬರೆಯುವಾಗ ಒಂದೊಂದು ಕಂಪನಕ್ಕೂ ದೊರೆಯುವ ಸ್ಥಳ ಸುಮಾರು ೦.೦೯ ಮಿಲಿಮೀಟರು. ವೇಗ ಇನ್ನೂ ಕಡಮೆಯಾದರೆ ಗೆರೆಗಳು ಒಂದರೊಳಗೊಂದು ಬೆರೆತು ಸ್ವರದ ಸ್ಪಷ್ಟತೆ ಹಾಳಾಗುತ್ತದೆ. ಹೆಚ್ಚಿಸಿದರೆ ಫಿಲ್ಮಿನ ವೆಚ್ಚ ಏರುತ್ತದೆ. ಶಬ್ದಕ್ಕೆ ಸಾಕಾಗುವ, ಹಣದ ಚೀಲಕ್ಕೆ ಭಾರವಾಗದ ಒಂದು ರಾಜಿಯೇ ೨೪. ಕಣ್ಣಿನ ಸಾಮರ್ಥ್ಯವನ್ನು ಅಳೆದು ಗೊತ್ತುಮಾಡಿದ ಸಂಖ್ಯೆ ಅದಲ್ಲ.

ಈ ರಾಜಿಗೆ ಕಣ್ಣು ತೆರುವ ಬೆಲೆಯನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ೧೨ ಮೀಟರು ಅಗಲದ ತೆರೆಯನ್ನು ಬಸ್ಸಿನ ಚಿತ್ರವೊಂದು ೨ ಸೆಕೆಂಡುಗಳಲ್ಲಿ ದಾಟಿತೆನ್ನೋಣ. ಒಂದು ಬಿಡಿಚಿತ್ರಕ್ಕೂ ಮುಂದಿನದಕ್ಕೂ ನಡುವೆ ಬಸ್ಸು ೨೫ ಸೆಂಟಿಮೀಟರು ನೆಗೆದಿರುತ್ತದೆ. ಕ್ಯಾಮರಾದ ಷಟರು ಸಾಮಾನ್ಯವಾಗಿ ಅರ್ಧ ಕಾಲ ತೆರೆದಿರುವುದರಿಂದ ಪ್ರತಿ ಚಿತ್ರದಲ್ಲಿಯೂ ಬಸ್ಸು ಹನ್ನೆರಡೂವರೆ ಸೆಂಟಿಮೀಟರಿನಷ್ಟು ಕದಡಿರುತ್ತದೆ. ಆದ್ದರಿಂದಲೇ ನುರಿತ ಛಾಯಾಗ್ರಾಹಕರು ಕ್ಯಾಮರಾವನ್ನು ಅಡ್ಡಡ್ಡ ವೇಗವಾಗಿ ತಿರುಗಿಸಲು ಅಂಜುತ್ತಾರೆ. ಸೆಕೆಂಡಿಗೆ ೬೦ ಚಿತ್ರಗಳಾದರೆ ನೆಗೆತ ೧೦ ಸೆಂಟಿಮೀಟರಿಗೂ ಕದಡು ೫ಕ್ಕೂ ಇಳಿಯುತ್ತವೆ. ಈ ಅಂತರವನ್ನು ಕಣ್ಣು ಬಲ್ಲದೆಂಬುದೇ ಟ್ರಂಬಲನ ವಾದದ ತಿರುಳು.

ಯಂತ್ರ ಕಟ್ಟುವವನ ಮಗ

ಡಗ್ಲಸ್ ಟ್ರಂಬಲ್ ೧೯೪೨ರ ಏಪ್ರಿಲ್ ೮ರಂದು ಲಾಸ್ ಏಂಜಲೀಸಿನಲ್ಲಿ ಜನಿಸಿದನು. ತಾಯಿ ಚಿತ್ರ ಬರೆಯುವವಳು. ತಂದೆ ಡೊನಾಲ್ಡ್ ಟ್ರಂಬಲ್ ಯಂತ್ರವಿದ್ಯೆಯಲ್ಲಿ ನಿಪುಣ. ೧೯೩೯ರಲ್ಲಿ ಬಂದ 'ದಿ ವಿಝರ್ಡ್ ಆಫ್ ಆಝ್' ಎಂಬ ಪ್ರಸಿದ್ಧ ಚಿತ್ರದ ಚಮತ್ಕಾರ ದೃಶ್ಯಗಳಿಗೆ ಕೆಲಸ ಮಾಡಿದ್ದವನು, ಮುಂದೆ ವಿಮಾನ ಕೈಗಾರಿಕೆಗೆ ಸೇರಿದನು. ಕುಂಚವೂ ಸ್ಪಾನರೂ ಒಂದೇ ಮನೆಯಲ್ಲಿದ್ದುದರ ಫಲ ಮಗನಲ್ಲಿ ಕಾಣಿಸಿಕೊಂಡಿತು. ಆತನು ಚಿತ್ರವನ್ನೂ ಬರೆಯಬಲ್ಲವನಾಗಿದ್ದನು, ಅದನ್ನು ಚಲಿಸುವ ಯಂತ್ರವನ್ನೂ ಕಟ್ಟಬಲ್ಲವನಾಗಿದ್ದನು.

ತರುಣನು ಮೊದಲು ದುಡಿದದ್ದು ಗ್ರಾಫಿಕ್ ಫಿಲ್ಮ್ಸ್ ಎಂಬ ಸಣ್ಣ ಸಂಸ್ಥೆಯಲ್ಲಿ. ಆಕಾಶಯಾನದ ವಿವರಣೆಗೆ ಬೇಕಾದ ಚಿತ್ರಗಳನ್ನು ಅಲ್ಲಿ ತಯಾರಿಸುತ್ತಿದ್ದರು. ೧೯೬೪ರ ನ್ಯೂಯಾರ್ಕ್ ಜಾಗತಿಕ ಮೇಳಕ್ಕಾಗಿ ಆ ಸಂಸ್ಥೆ ಗುಮ್ಮಟದ ಒಳಮೈಯ ಮೇಲೆ ತೋರಿಸಲು 'ಟು ದಿ ಮೂನ್ ಅಂಡ್ ಬಿಯಾಂಡ್' ಎಂಬ ಚಿತ್ರವೊಂದನ್ನು ಸಿದ್ಧಪಡಿಸಿತು. ಅದನ್ನು ಕಂಡು ಮೆಚ್ಚಿದವರಲ್ಲಿ ನಿರ್ದೇಶಕ ಸ್ಟ್ಯಾನ್ಲಿ ಕ್ಯೂಬ್ರಿಕ್ ಒಬ್ಬನು. ಆತನು ಆಗ ಲೇಖಕ ಆರ್ಥರ್ ಸಿ. ಕ್ಲಾರ್ಕನೊಡನೆ '೨೦೦೧: ಎ ಸ್ಪೇಸ್ ಒಡಿಸ್ಸಿ'ಯ ಸಿದ್ಧತೆಯಲ್ಲಿದ್ದನು. ೨೩ ವರ್ಷದ ಟ್ರಂಬಲ್ ಇಂಗ್ಲೆಂಡಿಗೆ ಹೋಗಿ ಆ ಕೆಲಸಕ್ಕೆ ಸೇರಿದನು.

ಆ ಚಿತ್ರದ ಕೊನೆಯ ಭಾಗದಲ್ಲಿ ಆಕಾಶಯಾತ್ರಿಯು ಬೆಳಕಿನ ಓಣಿಯೊಂದರ ಮೂಲಕ ಅನಂತದತ್ತ ಧಾವಿಸುತ್ತಾನೆ. ಗಣಕಯಂತ್ರದಿಂದ ಚಿತ್ರ ಬರೆಯಿಸುವ ವಿದ್ಯೆ ಇನ್ನೂ ಬಲಿಯದಿದ್ದ ಆ ದಿನಗಳಲ್ಲಿ ಅದನ್ನು ತೋರಿಸುವುದು ಹೇಗೆ? ಅಮೂರ್ತ ಚಿತ್ರಗಳ ಪ್ರಯೋಗಶೀಲ ಜಾನ್ ವಿಟ್ನಿಯು ಮೊದಲೇ ಬಳಸಿದ್ದ ಸೀಳುಗಂಡಿಯ ವಿಧಾನವನ್ನು ಟ್ರಂಬಲ್ ದೊಡ್ಡ ಪ್ರಮಾಣದಲ್ಲಿ ಬೆಳೆಸಿದನು.

ಅದರ ತತ್ತ್ವ ಸರಳ. ರಾತ್ರಿಯ ಹೊತ್ತು ಕ್ಯಾಮರಾದ ಷಟರನ್ನು ತೆರೆದಿಟ್ಟರೆ, ಎದುರಿಗೆ ಹಾದುಹೋಗುವ ಸೈಕಲ್ಲಿನ ದೀಪ ಒಂದು ಬೆಳಕಿನ ಗೆರೆಯಾಗಿ ಅಚ್ಚಾಗುತ್ತದಷ್ಟೆ. ಟ್ರಂಬಲನ ಯಂತ್ರದಲ್ಲಿ ಚಲಿಸುತ್ತಿದ್ದುದು ಕ್ಯಾಮರಾ. ಕಪ್ಪು ಹಲಗೆಯೊಂದರಲ್ಲಿ ನೀಳವಾದ ಸೀಳುಗಂಡಿ. ಅದರ ಹಿಂದೆ ಬಣ್ಣದ ಪಾರದರ್ಶಕ ಚಿತ್ರ. ಅದರ ಹಿಂದೆ ದೀಪ. ಷಟರು ತೆರೆದಿರುವಂತೆಯೇ ಕ್ಯಾಮರಾ ದೂರದಿಂದ ಗಂಡಿಯ ಸಮೀಪಕ್ಕೆ ಸರಿಯುತ್ತದೆ. ಬಿಂಬದ ಗಾತ್ರ ದೂರಕ್ಕೆ ವಿಲೋಮಾನುಪಾತದಲ್ಲಿರುವುದರಿಂದ, ದೂರವಿರುವಾಗ ಗಂಡಿ ಚಿತ್ರದ ನಡುವಿನಲ್ಲಿ ಕಿರಿದಾಗಿ ಕಾಣುತ್ತದೆ. ಹತ್ತಿರ ಬಂದಂತೆ ಹಿಗ್ಗುತ್ತಾ ಅಂಚಿಗೆ ಸರಿಯುತ್ತದೆ. ಈ ಪಯಣದುದ್ದಕ್ಕೂ ಹಿಂದಣ ಬಣ್ಣದ ಚಿತ್ರವೂ ನಿಧಾನವಾಗಿ ಜರುಗುತ್ತಿರುತ್ತದೆ. ಹೀಗೆ ಒಂದೇ ಗೆರೆಯು ಒಂದೇ ಬಿಡಿಚಿತ್ರದಲ್ಲಿ, ದಿಗಂತದಿಂದ ನಮ್ಮ ಕಿವಿಯ ಪಕ್ಕದವರೆಗೆ ಹಬ್ಬಿದ ಬಣ್ಣದ ಗೋಡೆಯಾಗಿಬಿಡುತ್ತದೆ. ಮತ್ತೊಂದು ಸಲ ಕ್ಯಾಮರಾ ಸರಿದಾಗ ಎದುರು ಗೋಡೆ ಸಿದ್ಧ. ಆಮೇಲೆ ಫಿಲ್ಮನ್ನು ಒಂದು ಚಿತ್ರದಷ್ಟು ಮುಂದೆ ಸರಿಸಿ ಇಡೀ ಕಾರ್ಯವನ್ನು ಪುನಃ ಮಾಡಬೇಕು. ತೆರೆಯ ಮೇಲಿನ ಒಂದು ಸೆಕೆಂಡಿಗೆ ಇಂಥ ೨೪ ಆವೃತ್ತಿಗಳು! ೧೯೬೮ರಲ್ಲಿ ಚಿತ್ರ ತೆರೆಕಂಡಾಗ ಆ ಓಣಿಯನ್ನು ಕಂಡು ಪ್ರೇಕ್ಷಕರು ಬೆರಗಾದರು. ಚಮತ್ಕಾರ ದೃಶ್ಯಗಳಿಗಾಗಿ ದೊರೆತ ಆಸ್ಕರ್ ಪಾರಿತೋಷಕದ ಮೇಲೆ ಮಾತ್ರ ಕ್ಯೂಬ್ರಿಕ್ಕನ ಹೆಸರೊಂದೇ ಇತ್ತು.

ಶನಿಯ ಬಳಿಯ ಕಾಡು

೧೯೭೨ರಲ್ಲಿ ಟ್ರಂಬಲ್ ತನ್ನ ಮೊದಲ ಚಿತ್ರ 'ಸೈಲೆಂಟ್ ರನ್ನಿಂಗ್'ಅನ್ನು ನಿರ್ದೇಶಿಸಿದನು. ಭೂಮಿಯ ಮೇಲಿನ ಕಾಡುಗಳೆಲ್ಲ ನಾಶವಾಗಿವೆ. ಉಳಿದ ತುಣುಕುಗಳನ್ನು ಗಾಜಿನ ಗುಮ್ಮಟಗಳಲ್ಲಿಟ್ಟು ಆಕಾಶನೌಕೆಗಳು ಶನಿಗ್ರಹದ ಆಸುಪಾಸಿನಲ್ಲಿ ಕಾಪಾಡುತ್ತಿವೆ. ಗುಮ್ಮಟಗಳನ್ನು ಸಿಡಿಸಿ, ನೌಕೆಗಳನ್ನು ವ್ಯಾಪಾರಕ್ಕೆ ಹಿಂದಿರುಗಿಸಿರೆಂದು ಭೂಮಿಯಿಂದ ಆಜ್ಞೆ ಬರುತ್ತದೆ. ಸಸ್ಯವಿಜ್ಞಾನಿ ಲೋವೆಲ್ ಅದನ್ನು ಧಿಕ್ಕರಿಸುತ್ತಾನೆ. ಕಾಡನ್ನು ಉಳಿಸಲು ಸಂಗಡಿಗರ ಕೊಲೆಗೂ ಹೇಸುವುದಿಲ್ಲ. ಮರವೊಂದರ ಬೆಲೆಗೂ ಮನುಷ್ಯನೊಬ್ಬನ ಬೆಲೆಗೂ ತೂಕ ಹಾಕಿ ನೋಡುವ ಈ ಕಥೆ ಇಂದಿಗೂ ಹಳತಾಗಿಲ್ಲ.

'೨೦೦೧'ಕ್ಕೆ ಒಂದು ಕೋಟಿ ಡಾಲರಿಗೂ ಹೆಚ್ಚು ವೆಚ್ಚವಾಗಿದ್ದರೆ ಇದಕ್ಕೆ ದೊರೆತದ್ದು ಹದಿಮೂರು ಹದಿನಾಲ್ಕು ಲಕ್ಷ. ಆದ್ದರಿಂದ ಟ್ರಂಬಲ್ ನೌಕೆಯ ಒಳಾಂಗಣವನ್ನು ಕಟ್ಟಿಸಲಿಲ್ಲ. ಸೇವೆಯಿಂದ ಬಿಡುಗಡೆಯಾಗಿ ಗುಜರಿಗೆ ಹೋಗಲಿದ್ದ 'ವ್ಯಾಲಿ ಫೋರ್ಜ್' ಎಂಬ ವಿಮಾನವಾಹಕ ಹಡಗಿನೊಳಗೇ ಚಿತ್ರೀಕರಿಸಿ ನೌಕೆಗೂ ಅದೇ ಹೆಸರಿಟ್ಟನು. ಕುಳ್ಳನೆಯ ಯಂತ್ರಮಾನವರ ಕವಚದೊಳಗೆ ಕಾಲುಗಳಿಲ್ಲದ ನಟರು ಕೈಗಳ ಮೇಲೆ ನಡೆದು ಅಭಿನಯಿಸಿದರು. '೨೦೦೧'ರ ಕಥೆ ಮೊದಲು ಶನಿಗ್ರಹಕ್ಕೆ ಹೋಗಬೇಕಾಗಿತ್ತು. ಅದರ ಬಳೆಗಳನ್ನು ನಂಬುವಂತೆ ತೋರಿಸಲಾಗದೆ ಗುರುಗ್ರಹಕ್ಕೆ ತಿರುಗಿಸಿದ್ದರು. ಆ ಬಾಕಿಯನ್ನು ಟ್ರಂಬಲ್ ಈ ಚಿತ್ರದಲ್ಲಿ ತೀರಿಸಿದನು.

ಭೌತವಿಜ್ಞಾನದ ವಿದ್ಯಾರ್ಥಿಗೆ ಇದರಲ್ಲಿ ಒಂದು ಸ್ವಾರಸ್ಯವಿದೆ. ಕಾಡು ಏಕೆ ಬಾಡುತ್ತಿದೆಯೆಂದು ತಿಳಿಯದೆ ಲೋವೆಲ್ ಬಹಳ ಹೊತ್ತು ತೊಳಲುತ್ತಾನೆ. ಸೂರ್ಯನ ಬೆಳಕು ಸಾಲದೆಂಬುದು ಆಮೇಲೆ ಹೊಳೆಯುತ್ತದೆ. ಶನಿಯು ಸೂರ್ಯನಿಂದ ಭೂಮಿಗಿಂತ ಸುಮಾರು ಒಂಬತ್ತೂವರೆ ಪಟ್ಟು ದೂರದಲ್ಲಿದೆ. ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುವುದರಿಂದ ಅಲ್ಲಿ ದೊರೆಯುವುದು ಇಲ್ಲಿನದರ ಸುಮಾರು ೯೦ರಲ್ಲೊಂದು ಭಾಗ. ಸಸ್ಯವಿಜ್ಞಾನಿಗೆ ಇದು ಹೊಳೆಯಲು ಅಷ್ಟು ಹೊತ್ತು ಬೇಕಾಯಿತೇ ಎಂದು ಜಾಣ ಪ್ರೇಕ್ಷಕರು ಕೇಳಿಯೇ ಕೇಳುತ್ತಾರೆ.

ತೊಟ್ಟಿಯೊಳಗಿನ ಮೋಡ

ಮೊದಲ ಚಿತ್ರದ ನಂತರ ಟ್ರಂಬಲ್ ಯೋಜಿಸಿದ ಹಲವು ಚಿತ್ರಗಳು ಕೈಗೂಡಲಿಲ್ಲ. ಅನ್ಯ ನಿರ್ದೇಶಕರ ಚಿತ್ರಗಳಿಗೆ ಆತನ ಕೌಶಲ ಮಾತ್ರ ಬೇಕಾಗಿತ್ತು. ೧೯೭೭ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗನ 'ಕ್ಲೋಸ್ ಎನ್‌ಕೌಂಟರ್ಸ್ ಆಫ್ ದಿ ಥರ್ಡ್ ಕೈಂಡ್' ಚಿತ್ರಕ್ಕೆ ಅಪ್ಪಣೆಯಂತೆ ಉರುಳಿ ಬರುವ ಮೋಡಗಳು ಬೇಕಾದುವು. ಗಾಜಿನ ದೊಡ್ಡ ತೊಟ್ಟಿಯ ಕೆಳಗೆ ಉಪ್ಪುನೀರು, ಅದರ ಮೇಲೆ ಸಿಹಿನೀರು. ನಡುವೆ ತೆಳುವಾದ ಗಡಿ. ನಳಿಗೆಯ ಮೂಲಕ ಬಿಳಿಯ ಬಣ್ಣವನ್ನು ಒಳಗೆ ಹಾಯಿಸಿದಾಗ ಅದು ಸುರುಳಿ ಸುರುಳಿಯಾಗಿ ಉಬ್ಬಿತು. ಆದರೆ ಸಾಂದ್ರವಾದ ಉಪ್ಪುನೀರಿನೊಳಕ್ಕೆ ಇಳಿಯಲಾರದೆ ಗಡಿಯ ಮೇಲೆಯೇ ಚಪ್ಪಟೆಯಾಗಿ ಹರಡಿಕೊಂಡಿತು. ಮಳೆಗಾಲದ ಮೋಡಗಳ ತಳವೂ ಹೀಗೆಯೇ ಸಮತಲವಾಗಿ ಕಾಣುವುದನ್ನು ವಾಚಕರು ಗಮನಿಸಿರಬಹುದು. ಮನೆಯಲ್ಲಿಯೇ ಇದನ್ನು ಮಾಡಿ ನೋಡಬಹುದು: ಗಾಜಿನ ಲೋಟದಲ್ಲಿ ಅರ್ಧದವರೆಗೆ ಗಟ್ಟಿಯಾದ ಉಪ್ಪುನೀರು ಹಾಕಿ, ಚಮಚದ ಬೆನ್ನಿನ ಮೇಲಿಂದ ಮೆಲ್ಲನೆ ಸಿಹಿನೀರು ಬಿಡಿ, ಆಮೇಲೆ ಒಂದು ತೊಟ್ಟು ಹಾಲು. ಹಾಲು ಸಿಹಿನೀರಿನಲ್ಲಿ ಇಳಿದು ಉಪ್ಪುನೀರಿನ ಹೊಸ್ತಿಲಲ್ಲಿ ನಿಲ್ಲುತ್ತದೆ.

೧೯೮೨ರ 'ಬ್ಲೇಡ್ ರನ್ನರ್' ಚಿತ್ರದಲ್ಲಿ ಮತ್ತೊಂದು ಉಪಾಯ. ದೂರದ ಬೆಟ್ಟ ಮಸುಕಾಗಿ ಕಾಣುವುದು ನಡುವಣ ಗಾಳಿಯೂ ಧೂಳೂ ಬೆಳಕನ್ನು ಚೆದರಿಸುವುದರಿಂದ. ಕೆಲವೇ ಅಡಿಗಳ ಮಾದರಿ ನಗರವನ್ನು ಹಾಗೆಯೇ ಚಿತ್ರಿಸಿದರೆ ಎಲ್ಲವೂ ಒಂದೇ ಸಮನೆ ಸ್ಫುಟವಾಗಿ ಕಂಡು ಆಟಿಕೆಯೆಂಬ ಗುಟ್ಟು ರಟ್ಟಾಗುತ್ತದೆ. ಟ್ರಂಬಲನ ತಂಡ ಮಾದರಿಯಿದ್ದ ಕೊಠಡಿಯಲ್ಲಿ ಹೊಗೆ ತುಂಬಿತು. ಕೆಲವು ಅಡಿಗಳ ಹೊಗೆ ಹಲವು ಮೈಲಿಗಳ ಗಾಳಿಯ ಕೆಲಸ ಮಾಡಿತು.

ಅರವತ್ತರ ಪರೀಕ್ಷೆ

ಈ ಕೆಲಸಗಳ ನಡುವೆಯೇ ಟ್ರಂಬಲ್ ತನ್ನ ಮುಖ್ಯ ಪ್ರಶ್ನೆಗೆ ಕೈಹಾಕಿದ್ದನು. ೨೪ರ ಗಡಿಯನ್ನು ಮೀರಿದವರು ಮೊದಲೂ ಇದ್ದರು. ೧೯೫೫ರ 'ಓಕ್ಲಹೋಮ' ಚಿತ್ರವನ್ನು ಟಾಡ್-ಎಓ ಎಂಬ ಅಗಲ ಫಿಲ್ಮಿನ ಪದ್ಧತಿಯಲ್ಲಿ ಸೆಕೆಂಡಿಗೆ ೩೦ರಂತೆ ತೆಗೆದಿದ್ದರು. ಆದರೆ ಯಾವ ವೇಗದಲ್ಲಿ ನೋಡುಗನ ಮೈಮನಗಳು ಎಷ್ಟು ಮಿಡಿಯುತ್ತವೆಂದು ಅಳೆದು ನೋಡಲು ಹೊರಟದ್ದು ಟ್ರಂಬಲನ ವಿಶೇಷ. ಆತನು ಒಂದೇ ಬಗೆಯ ದೃಶ್ಯಗಳನ್ನು ಬೇರೆ ಬೇರೆ ವೇಗಗಳಲ್ಲಿ ತೆಗೆದು ತೋರಿಸಿ, ಪ್ರೇಕ್ಷಕರ ಮಿದುಳಿನ ವಿದ್ಯುತ್ ಅಲೆ, ಹೃದಯದ ಬಡಿತ, ಸ್ನಾಯುಗಳ ಬಿಗಿತ, ಚರ್ಮದ ವಿದ್ಯುದ್ವಾಹಕತೆ ಮುಂತಾದುವನ್ನು ಉಪಕರಣಗಳಿಂದ ದಾಖಲಿಸಿದನು. ವೇಗ ಏರಿದಂತೆ ಪ್ರತಿಕ್ರಿಯೆಯೂ ಏರಿತು. ೭೦ ಮಿಲಿಮೀಟರು ಫಿಲ್ಮು, ಸೆಕೆಂಡಿಗೆ ೬೦ ಚಿತ್ರ — ಇದನ್ನೇ ಆತನು ಆರಿಸಿಕೊಂಡು 'ಷೋಸ್ಕ್ಯಾನ್' ಎಂದು ಹೆಸರಿಟ್ಟನು.

ಈ ಪದ್ಧತಿಯಲ್ಲಿ ತೆಗೆದ 'ನ್ಯೂ ಮ್ಯಾಜಿಕ್' ಎಂಬ ಕಿರುಚಿತ್ರದಲ್ಲಿ ಒಂದು ತಮಾಷೆಯುಂಟು. ಮೊದಲು ಸಾಧಾರಣ ಚಿತ್ರ ನಡೆಯುತ್ತಿರುವಾಗ ಫಿಲ್ಮು ಕೆಟ್ಟು ನಿಲ್ಲುತ್ತದೆ. ತೆರೆಯ ಹಿಂದೆ ಯಂತ್ರ ನಡೆಸುವವನು ಬಂದು ನಿಂತು ಮಾತನಾಡುತ್ತಾನೆ. ಅವನು ನಿಜವಾದ ಮನುಷ್ಯನಲ್ಲ, ಅವನೂ ಚಿತ್ರವೇ ಎಂಬುದು ಪ್ರೇಕ್ಷಕರಿಗೆ ತಡವಾಗಿ ತಿಳಿಯುತ್ತದೆ.

ವಿಜ್ಞಾನದ ದೃಷ್ಟಿಯಿಂದ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹೃದಯದ ಬಡಿತ ಏರಿತೆಂದರೆ ನೋಡುಗನು ಹೆಚ್ಚು ಉದ್ರಿಕ್ತನಾದನೆಂದು ತಿಳಿಯಬಹುದು. ಚಿತ್ರ ಹೆಚ್ಚು ಹಿಡಿಸಿತೆಂದು ಹೇಳಲಾಗದು. ಹಾವು ಕಂಡಾಗಲೂ ಹೃದಯ ಬಡಿದುಕೊಳ್ಳುತ್ತದೆ. ಈ ಭೇದ ಮುಂದೆ ಬಹಳ ಮುಖ್ಯವಾಯಿತು.

ವೆಚ್ಚದ ಲೆಕ್ಕವೂ ಸಣ್ಣದಲ್ಲ. ಎರಡು ಗಂಟೆಯ ಸಾಧಾರಣ ಚಿತ್ರಕ್ಕೆ ೩೫ ಮಿಲಿಮೀಟರಿನ ಫಿಲ್ಮು ೧೦,೮೦೦ ಅಡಿ, ಎಂದರೆ ಸುಮಾರು ೩.೩ ಕಿಲೋಮೀಟರು ಬೇಕು. ೭೦ ಮಿಲಿಮೀಟರಿನ ಫಿಲ್ಮಿನಲ್ಲಿ ಅಡಿಗೆ ೧೨.೮ ಚಿತ್ರಗಳು, ಸೆಕೆಂಡಿಗೆ ೬೦ರಂತೆ ಎರಡು ಗಂಟೆಗೆ ೩೩,೭೫೦ ಅಡಿ, ಸುಮಾರು ೧೦.೩ ಕಿಲೋಮೀಟರು. ಅಗಲವೂ ಇಮ್ಮಡಿ. ಇಷ್ಟೇ ಅಲ್ಲ. ಪ್ರಕ್ಷೇಪಕದಲ್ಲಿ ಫಿಲ್ಮು ನಿಂತು ನಿಂತು ಸಾಗುತ್ತದೆ. ಅದೇ ಹೆಜ್ಜೆಯನ್ನು ಎರಡೂವರೆ ಪಟ್ಟು ಬೇಗ ಇಡಬೇಕಾದರೆ ವೇಗೋತ್ಕರ್ಷವು ಆರು ಪಟ್ಟಿಗೂ ಮಿಗಿಲಾಗಬೇಕು. ಫಿಲ್ಮಿನ ರಂಧ್ರಗಳ ಮೇಲೆ ಬೀಳುವ ಎಳೆತವೂ ಅಷ್ಟೇ ಪಟ್ಟು ಏರುತ್ತದೆ. ಪ್ರತಿಯೊಂದು ಚಿತ್ರಮಂದಿರವೂ ಹೊಸ ಯಂತ್ರ ಕೊಳ್ಳಬೇಕೆಂದರೆ ಮಾಲೀಕರು ಒಪ್ಪುವರೇ?

ಎರಡನೆಯ ಚಿತ್ರ, ಒಂದು ಸಾವು

ಟ್ರಂಬಲನ ಎರಡನೆಯ ಚಿತ್ರ 'ಬ್ರೈನ್‌ಸ್ಟಾರ್ಮ್' ಈ ಪದ್ಧತಿಗೆಂದೇ ಯೋಚಿಸಿದ್ದು. ಒಬ್ಬನ ಇಂದ್ರಿಯಾನುಭವಗಳನ್ನು ನಾಡೆಯ ಮೇಲೆ ದಾಖಲಿಸಿ ಮತ್ತೊಬ್ಬನ ಮಿದುಳಿಗೆ ಹಾಯಿಸುವ ಯಂತ್ರವನ್ನು ವಿಜ್ಞಾನಿಗಳು ಕಂಡುಹಿಡಿಯುತ್ತಾರೆ. ಅವರಲ್ಲೊಬ್ಬಳು ಹೃದಯಾಘಾತದಿಂದ ಸಾಯುವಾಗ ತನ್ನ ಸಾವನ್ನೇ ದಾಖಲಿಸಿಟ್ಟು ಹೋಗುತ್ತಾಳೆ. ಸಾಮಾನ್ಯ ದೃಶ್ಯಗಳು ೨೪ರಲ್ಲಿ, ಮಿದುಳಿನ ಅನುಭವಗಳು ೬೦ರಲ್ಲಿ ಇರಬೇಕೆಂಬುದು ನಿರ್ದೇಶಕನ ಸಂಕಲ್ಪ. ಕಥೆಯೂ ತಂತ್ರವೂ ಒಂದೇ ಆಗುವ ಇಂಥ ಅವಕಾಶ ಅಪರೂಪ. ಎಂ.ಜಿ.ಎಂ. ಸಂಸ್ಥೆ ಕಥೆಯನ್ನು ಒಪ್ಪಿತು, ವೇಗವನ್ನು ಒಪ್ಪಲಿಲ್ಲ. ಕೊನೆಗೆ ಎಲ್ಲವೂ ೨೪ರಲ್ಲಿಯೇ. ಸಾಮಾನ್ಯ ದೃಶ್ಯಗಳಿಗೆ ಕಿರಿದಾದ ಚಿತ್ರ, ಅನುಭವಗಳಿಗೆ ಅಗಲವಾದ ಚಿತ್ರ ಎಂಬಷ್ಟಕ್ಕೆ ಆತನು ತೃಪ್ತನಾಗಬೇಕಾಯಿತು.

ಚಿತ್ರೀಕರಣ ಮುಗಿಯುವ ಮುನ್ನವೇ, ೧೯೮೧ರ ನವೆಂಬರ್ ೨೯ರಂದು, ನಾಯಕಿ ನಟಾಲಿ ವುಡ್ ಕ್ಯಾಟಲೀನಾ ದ್ವೀಪದ ಬಳಿ ಸಮುದ್ರದಲ್ಲಿ ಮುಳುಗಿ ತೀರಿಕೊಂಡಳು. ಚಿತ್ರವನ್ನು ಕೈಬಿಟ್ಟು ವಿಮೆಯ ಹಣ ಪಡೆಯುವುದೇ ಲೇಸೆಂದು ಸಂಸ್ಥೆ ಬಗೆಯಿತು. ಆಕೆಯ ಪಾತ್ರದ ಬಹುಭಾಗ ಮುಗಿದಿದೆ, ಉಳಿದುದನ್ನು ಸರಿಹೊಂದಿಸಿ ಚಿತ್ರವನ್ನು ಪೂರೈಸಬಹುದೆಂದು ಟ್ರಂಬಲ್ ಹಟ ಹಿಡಿದನು. ಲಂಡನ್ನಿನ ಲಾಯ್ಡ್ಸ್ ವಿಮೆದಾರರು ಆತನ ಮಾತನ್ನು ನಂಬಿ, ಪೂರ್ಣಗೊಳಿಸಲು ಹಣ ಕೊಟ್ಟರು. ೧೯೮೩ರಲ್ಲಿ ಚಿತ್ರ ತೆರೆಕಂಡಿತು. ಜನ ಹೆಚ್ಚಾಗಿ ಬರಲಿಲ್ಲ. ಸಾವಿನ ಅನುಭವವನ್ನು ಕುರಿತ ಚಿತ್ರವೊಂದನ್ನು, ನಾಯಕಿಯ ಸಾವಿನ ನೆರಳಿನಲ್ಲಿ, ಅದನ್ನು ಹೂಳಬಯಸಿದ ಒಡೆಯರ ಎದುರು ನಿಂತು ಮುಗಿಸಿದ ಟ್ರಂಬಲ್ ಹಾಲಿವುಡ್ಡಿನ ಸಂಗ ಸಾಕೆಂದು ನಿರ್ಧರಿಸಿದನು. ಆಮೇಲೆ ಆತನು ಅಲ್ಲಿಗಾಗಿ ಯಾವ ಪೂರ್ಣ ಚಿತ್ರವನ್ನೂ ನಿರ್ದೇಶಿಸಲಿಲ್ಲ.

ಬೆಟ್ಟದ ಕಾರ್ಯಾಗಾರ

ಟ್ರಂಬಲ್ ಅಮೆರಿಕದ ಪೂರ್ವಭಾಗದ ಮ್ಯಾಸಚೂಸೆಟ್ಸ್ ರಾಜ್ಯದ ಬರ್ಕ್‌ಷೈರ್ ಬೆಟ್ಟಗಳಿಗೆ ಹೋಗಿ ನೆಲೆಸಿದನು. ೧೯೯೧ರಲ್ಲಿ ಫ್ಲಾರಿಡಾದ ಯೂನಿವರ್ಸಲ್ ವಿನೋದೋದ್ಯಾನದಲ್ಲಿ ತೆರೆದ 'ಬ್ಯಾಕ್ ಟು ದಿ ಫ್ಯೂಚರ್' ಸವಾರಿಯ ಚಿತ್ರ ಆತನದೇ. ಗುಮ್ಮಟಾಕಾರದ ಮಹಾ ತೆರೆಯ ಎದುರು ಪ್ರೇಕ್ಷಕರು ಅಲುಗಾಡುವ ಗಾಡಿಗಳಲ್ಲಿ ಕುಳಿತಿರುತ್ತಿದ್ದರು. ಗಾಡಿ ಎಲ್ಲಿಗೂ ಹೋಗುತ್ತಿರಲಿಲ್ಲ. ಆದರೂ ಬೆನ್ನು ಆಸನಕ್ಕೆ ಅದುಮಿದಂತಾಗುತ್ತಿತ್ತು. ಕಿವಿಯೊಳಗಿನ ಸಮತೋಲನದ ಅವಯವಕ್ಕೆ ಮುಂದಕ್ಕೆ ಧಾವಿಸುವ ವೇಗೋತ್ಕರ್ಷವೂ ಹಿಂದಕ್ಕೆ ಬಾಗಿದಾಗಿನ ಗುರುತ್ವದ ಎಳೆತವೂ ಬೇರೆಯಾಗಿ ತೋರವು. ಗಾಡಿಯನ್ನು ೧೫ ಡಿಗ್ರಿ ಹಿಂದಕ್ಕೆ ಬಾಗಿಸಿದರೆ ಗುರುತ್ವದ ಕಾಲು ಭಾಗದಷ್ಟು ಬಲ ಬೆನ್ನಿನ ಮೇಲೆ ಬೀಳುತ್ತದೆ. ಅದೇ ಕ್ಷಣದಲ್ಲಿ ತೆರೆಯ ಮೇಲಿನ ದೃಶ್ಯ ಮುಂದೆ ನುಗ್ಗಿದರೆ, ಬಾಗಿದುದನ್ನು ಮಿದುಳು ಓಟವೆಂದೇ ಓದಿಕೊಳ್ಳುತ್ತದೆ.

ಷೋಸ್ಕ್ಯಾನಿನ ಕ್ಯಾಮರಾ ವ್ಯವಸ್ಥೆಗೆ ೧೯೯೩ರಲ್ಲಿ ಅಮೆರಿಕದ ಚಲಚ್ಚಿತ್ರ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ದೊರೆಯಿತು. ಚಿತ್ರಮಂದಿರಗಳಲ್ಲಿ ಮಾತ್ರ ಅದಕ್ಕೆ ಸ್ಥಳವಿರಲಿಲ್ಲ. ಜೀವಮಾನದ ತಾಂತ್ರಿಕ ಸೇವೆಗಾಗಿ ೨೦೧೨ರಲ್ಲಿ ಗಾರ್ಡನ್ ಇ. ಸಾಯರ್ ಪ್ರಶಸ್ತಿಯೂ ಆತನಿಗೆ ಸಂದಿತು. ಎಪ್ಪತ್ತು ದಾಟಿದ ಮೇಲೂ ಆತನು ಸುಮ್ಮನೆ ಕೂರಲಿಲ್ಲ. ಫಿಲ್ಮು ಹೋಗಿ ಡಿಜಿಟಲ್ ಬಂದಿತ್ತು; ಹತ್ತು ಕಿಲೋಮೀಟರು ಫಿಲ್ಮಿನ ಭಾರವೂ ರಂಧ್ರಗಳ ಎಳೆತವೂ ಇಲ್ಲವಾಗಿದ್ದುವು. ಸೆಕೆಂಡಿಗೆ ೧೨೦ ಚಿತ್ರಗಳ, ಮೂರು ಆಯಾಮಗಳ 'ಮ್ಯಾಜೈ' ಎಂಬ ಪದ್ಧತಿಯನ್ನು ರೂಪಿಸಿ, ೨೦೧೪ರಲ್ಲಿ 'ಯುಫೋಟಾಗ್' ಎಂಬ ಕಿರುಚಿತ್ರವನ್ನು ಅದರಲ್ಲಿ ತೋರಿಸಿದನು. ೨೦೨೨ರ ಫೆಬ್ರುವರಿ ೭ರಂದು, ತನ್ನ ೭೯ನೆಯ ವಯಸ್ಸಿನಲ್ಲಿ, ಆತನು ನಿಧನನಾದನು.

ಅಡ್ಡಿ ಎಲ್ಲಿದೆ?

ಯಂತ್ರದ ಅಡ್ಡಿ ತೊಲಗಿದ ಮೇಲೆ ಆತನ ಮಾತು ಗೆದ್ದಿತೇ? ೨೦೧೨ರಲ್ಲಿ 'ದಿ ಹಾಬಿಟ್' ಮಾಲೆಯ ಮೊದಲ ಚಿತ್ರವನ್ನು ಕೆಲವು ಚಿತ್ರಮಂದಿರಗಳಲ್ಲಿ ಸೆಕೆಂಡಿಗೆ ೪೮ರಂತೆ ತೋರಿಸಿದಾಗ, ನೋಟ ತೀರ ಸ್ಪಷ್ಟವಾಗಿದೆ, ವೇಷಭೂಷಣಗಳು ವೇಷಭೂಷಣಗಳಾಗಿಯೇ ಕಾಣುತ್ತವೆ, ಟೆಲಿವಿಷನ್ ನೋಡಿದಂತಿದೆ ಎಂದು ಬಹಳ ಮಂದಿ ದೂರಿದರು. ೨೦೧೬ರಲ್ಲಿ ಆಂಗ್ ಲೀ ೧೨೦ರ ವೇಗದಲ್ಲಿ ತೆಗೆದ 'ಬಿಲ್ಲಿ ಲಿನ್ಸ್ ಲಾಂಗ್ ಹಾಫ್‌ಟೈಮ್ ವಾಕ್' ಚಿತ್ರವೂ ಜನಪ್ರಿಯವಾಗಲಿಲ್ಲ. ೨೦೨೨ರ 'ಅವತಾರ್'ನ ಎರಡನೆಯ ಭಾಗದಲ್ಲಿ ಕೆಲವು ದೃಶ್ಯಗಳನ್ನು ಮಾತ್ರ ೪೮ರಲ್ಲಿ ತೋರಿಸಿದರು. ಅದಕ್ಕೆ ಅಷ್ಟು ವಿರೋಧ ಬರಲಿಲ್ಲ. ಬೇಕಾದೆಡೆ ಮಾತ್ರ ವೇಗವನ್ನು ಏರಿಸಬೇಕೆಂಬುದು 'ಬ್ರೈನ್‌ಸ್ಟಾರ್ಮ್'ಗಾಗಿ ಟ್ರಂಬಲ್ ಕೇಳಿದ್ದ ಅವಕಾಶಕ್ಕೆ ಬಹಳ ಸಮೀಪದ್ದು.

ಈ ಆಕ್ಷೇಪದಲ್ಲಿ ರೂಢಿಯ ಪಾಲು ದೊಡ್ಡದು. ನಮ್ಮ ದೇಶದ ಟೆಲಿವಿಷನ್ ವ್ಯವಸ್ಥೆ ಸೆಕೆಂಡಿಗೆ ೫೦ ಅರ್ಧಚಿತ್ರಗಳ ತಳಹದಿಯ ಮೇಲೆ ಬೆಳೆದದ್ದು. ಕ್ರಿಕೆಟ್ ಪಂದ್ಯದ ನೇರ ಪ್ರಸಾರದಲ್ಲಿ ಚೆಂಡು ನುಣುಪಾಗಿ ಸಾಗುವುದನ್ನು ಕಂಡು ಯಾರೂ ದೂರುವುದಿಲ್ಲ. ಅದು 'ಈಗ ನಡೆಯುತ್ತಿರುವುದು' ಎಂದು ಮನಸ್ಸು ಒಪ್ಪುತ್ತದೆ. ಕಥೆಗೆ ಮಾತ್ರ ೨೪ರ ತುಸು ಕದಡು, ತುಸು ನೆಗೆತ ಬೇಕೆನ್ನಿಸುತ್ತದೆ. ತಲೆಮಾರುಗಳಿಂದ ಕಥೆಯನ್ನು ಆ ಕದಡಿನ ಮೂಲಕವೇ ನೋಡುತ್ತ ಬಂದವರಿಗೆ ಅದು ಕಥೆಯ ಉಡುಪೇ ಆಗಿಹೋಗಿದೆ. ಅಥವಾ ಕದಡಿನಲ್ಲಿ ಬಿಟ್ಟುಹೋದುದನ್ನು ತಾನೇ ತುಂಬಿಕೊಳ್ಳುವ ಕೆಲಸ ಕಲ್ಪನೆಗೆ ಹಿತವೆನಿಸುತ್ತಲೂ ಇರಬಹುದು. ಟ್ರಂಬಲನಿಗೂ ಈ ತೊಡಕು ತಿಳಿಯದೆ ಇರಲಿಲ್ಲ. 'ಬ್ರೈನ್‌ಸ್ಟಾರ್ಮ್'ನಲ್ಲಿ ಕಥೆಗೆ ೨೪ನ್ನೂ ಅನುಭವಕ್ಕೆ ೬೦ನ್ನೂ ಮೀಸಲಿಡಲು ಬಯಸಿದವನು ಆತನೇ.

ಅಳತೆಗೋಲು ಹಿಡಿದವನಿಗೆ ದೊರೆಯುವ ಉತ್ತರ ಯಾವಾಗಲೂ ಆತನು ಕೇಳಿದ ಪ್ರಶ್ನೆಗೆ ಮಾತ್ರ. ಕಣ್ಣು ೨೪ಕ್ಕಿಂತ ಹೆಚ್ಚನ್ನು ಗ್ರಹಿಸಬಲ್ಲದೇ ಎಂದು ಟ್ರಂಬಲ್ ಕೇಳಿದನು. ಬಲ್ಲದೆಂಬ ಉತ್ತರ ನಿಸ್ಸಂದೇಹವಾಗಿ ಬಂತು. ಮನಸ್ಸು ಅದನ್ನು ಬಯಸುತ್ತದೆಯೇ ಎಂಬುದು ಬೇರೆಯ ಪ್ರಶ್ನೆ; ಅದಕ್ಕೆ ಉಪಕರಣಗಳಿಗಿಂತ ಒಳ್ಳೆಯ ಚಿತ್ರಗಳೇ ಉತ್ತರ ಹೇಳಬೇಕು. ಅಂಥ ಚಿತ್ರವನ್ನು ತೆಗೆಯುವ ಹಣವೂ ಅವಕಾಶವೂ ಪ್ರಶ್ನೆಯನ್ನು ಎತ್ತಿದವನಿಗೆ ದೊರೆಯಲಿಲ್ಲ. ಆತನನ್ನು ತಡೆದ ಯಂತ್ರಗಳು ಇಂದು ಮೂಲೆ ಸೇರಿವೆ. ಇನ್ನು ಈ ಪರೀಕ್ಷೆಯನ್ನು ಯಾರು ಬೇಕಾದರೂ ನಡೆಸಬಹುದು. ಇಂದಿನ ಎಷ್ಟೋ ಮೊಬೈಲ್ ದೂರವಾಣಿಗಳ ಕ್ಯಾಮರಾದಲ್ಲಿ ೨೪, ೩೦, ೬೦ ಎಂಬ ಆಯ್ಕೆಗಳಿವೆ. ಬೀದಿಯಲ್ಲಿ ಓಡುವ ಬಸ್ಸನ್ನು ಮೊದಲು ೨೪ರಲ್ಲಿ, ಆಮೇಲೆ ೬೦ರಲ್ಲಿ ಹಿಡಿದು ಎರಡನ್ನೂ ಹೋಲಿಸಿ ನೋಡಿರಿ. ಯಾವುದು ಬಸ್ಸಿನಂತೆ ಕಾಣುತ್ತದೆ, ಯಾವುದು ಸಿನಿಮಾದಂತೆ ಕಾಣುತ್ತದೆ ಎಂಬುದನ್ನು ನಿಮ್ಮ ಕಣ್ಣೇ ಹೇಳಲಿ.